ಬೈಪಾಸ್ ಅಣ್ಣ

ಹುಮನಾಬಾದ
೬ ಫೆಬ್ರವರಿ ೨೦೨೫, ಗುರುವಾರ

ಶೀತಲ್‌ಗೆ ಶರಣು.

ಈ ಕಾಗದ ನೋಡಿದರೆ ನಿನಗೆ ಸಿಟ್ಟೇ ಬರುತ್ತದೆ, ಗೊತ್ತಿದೆ. ಫೋನ್ ಎತ್ತುವುದಿಲ್ಲ, ಮೆಸೇಜ್ ಓದುವುದಿಲ್ಲ. ಅದಕ್ಕೇ ನಮ್ಮ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಬರುವ ರವಿವಾರ ನಿಮ್ಮ ಬಸವಣಪ್ಪ ಕಾಕಾನ ಮನೆಯಲ್ಲಿ ಹಿರಿಯರು ಕೂತು, ನಮ್ಮ ಮಗಳು ಬಸವಕಲ್ಯಾಣದಲ್ಲೇ ಇರಬೇಕೋ ಹುಮನಾಬಾದಿಗೆ ಬರಬೇಕೋ ಅಂತ ತೀರ್ಮಾನ ಮಾಡುತ್ತಾರೆ. ನಾನು ಬರುತ್ತೇನೆ. ನೀನೂ ಪೂನಂಳೂ ಇಬ್ಬರೂ ಮನೆಗೆ ಬರಬೇಕು ಅಂತಲೇ ಕೇಳುತ್ತೇನೆ. ಅದಕ್ಕೂ ಮೊದಲು ಆ ದರಿದ್ರ ಆಟದ ವಿಷಯ ನಿನಗೆ ಹೇಳಬೇಕು.

ನಮ್ಮ ಮನೆ ಒಡೆದದ್ದು ಅದೇ ಆಟ. ಹದಿಮೂರು ವರ್ಷದ ಹುಡುಗಿ ಶಾಲೆಯಿಂದ ಬಂದವಳೇ ಕಿವಿಗೆ ಅದೇನೋ ಹಚ್ಚಿಕೊಂಡು ಅಂತರಿಕ್ಷದಲ್ಲಿ ಹಡಗು ಓಡಿಸುತ್ತ ಕೂಡುವುದೆಂದರೇನು? ನಿಮ್ಮ ಅಣ್ಣನ ಕಂಪ್ಯೂಟರಿನಲ್ಲಿ ಈಗಲೂ ಆಡುತ್ತಾಳೆ. ನನಗೆ ಹೇಗೆ ಗೊತ್ತು ಅಂತ ಕೇಳುತ್ತೀ. ನಗಬೇಡ. ಮೂರು ತಿಂಗಳಿಂದ ನಾನೂ ಅದನ್ನೇ ಆಡುತ್ತಿದ್ದೇನೆ.

ಥೂ, ಅದೊಂದು ಆಟವೇ! ಆಟ ಅಂದರೆ ಮನಸ್ಸು ಹಗುರ ಆಗಬೇಕು. ಇದರಲ್ಲಿ ಐವತ್ತು ಕೀ. ಒಂದು ಒತ್ತಿದರೆ ದೀಪ ಹತ್ತುತ್ತದೆ, ಇನ್ನೊಂದು ಒತ್ತಿದರೆ ಗಾಲಿ ಇಳಿಯುತ್ತದೆ, ತಪ್ಪಿ ಎರಡೂ ಕೂಡಿ ಒತ್ತಿದರೆ ಇಂಜಿನ್ನೇ ಬಂದ್. ಕಲಿಸುವ ಪಾಠ ಅಂತ ಹನ್ನೊಂದು ಇವೆ, ಎಲ್ಲ ಇಂಗ್ಲಿಷಿನಲ್ಲಿ, ಓದಿ ಮುಗಿಸುವುದರೊಳಗೆ ಹಡಗಿನೊಳಗಿನ ಗಾಳಿ ತೀರಿ ನಾನು ಸತ್ತಿರುತ್ತೇನೆ. ಮೊದಲಿನ ಒಂಬತ್ತು ದಿನ ನೆಲ ಬಿಟ್ಟು ಏಳಲಿಲ್ಲ. ಹತ್ತನೆಯ ದಿನ ಎದ್ದೆ, ನಿಲ್ಲಿಸಲು ಬರಲಿಲ್ಲ. ಹದಿನಾಲ್ಕು ವರ್ಷ ಹುಮನಾಬಾದ–ಬಸವಕಲ್ಯಾಣ ಬಸ್ ಓಡಿಸಿದವನು ನಾನು. ಸಸ್ತಾಪುರ ಬಂಗ್ಲಾದ ತಿರುವಿನಲ್ಲಿ ಎದುರಿಗೆ ಎಂಥ ಲಾರಿ ಬರಲಿ, ಒಂದು ಕೋಳಿಗೂ ತಾಗಿಸಿದವನಲ್ಲ. ಕಾಲು ತೆಗೆದರೆ ಗಾಡಿ ನಿಧಾನ ಆಗಬೇಕು ಅನ್ನುವುದು ನನ್ನ ಮೈಯಲ್ಲೇ ಕೂತುಬಿಟ್ಟಿದೆ. ಅಲ್ಲಿ ಬ್ರೇಕೇ ಇಲ್ಲ ಮಾರಾಯ್ತಿ! ನಿಲ್ಲಬೇಕಾದರೆ ಹಡಗಿನ ಮೂತಿ ಪೂರಾ ಹಿಂದಕ್ಕೆ ತಿರುಗಿಸಿ, ಬಂದ ದಾರಿಗೆ ಮುಖ ಮಾಡಿ, ಮತ್ತೆ ಇಂಜಿನ್ ಹಚ್ಚಬೇಕು. ನಲವತ್ತು ಸಲ ಅಂತರಿಕ್ಷದ ಸ್ಟೇಷನ್ನಿನ ಗೋಡೆಗೆ ಹೋಗಿ ಗುದ್ದಿದ್ದೇನೆ. ಒಳಗೆ ಹೋಗಲು ಬೇರೆ ಅನುಮತಿ ಕೇಳಬೇಕು, ಕೇಳದಿದ್ದರೆ ಗುಂಡು ಹಾರಿಸುತ್ತಾರೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಒಳಗೆ ಬರಲು ಯಾರಾದರೂ ಯಾರನ್ನಾದರೂ ಕೇಳಿದ್ದಾರೆಯೇ?

ಯಾಕೆ ಆಡಿದೆ ಅಂತ ಕೇಳು. ನೀವು ಹೋಗಿ ಎಂಟು ತಿಂಗಳಾಯಿತು. ನಾನು ದಿನಕ್ಕೆ ಆರು ಸಲ ಅವಳ ಶಾಲೆಯ ಗೇಟಿನ ಮುಂದೆ ಹಾಯುತ್ತೇನೆ, ನಿಲ್ಲಿಸುವಂತಿಲ್ಲ. ಫೋನ್ ಮಾಡಿದರೆ ‘ಹೂಂ’, ‘ಆರಾಮ್ ಅದೀನಿ’ ಅಂದು ಮೂರನೆಯ ಮಾತಿಗೆ ಇಡುತ್ತಾಳೆ. ಅವತ್ತು ಒಡೆದ ಅವಳ ಲ್ಯಾಪ್‌ಟಾಪ್ ಅಬ್ದುಲ್ ಕರೀಂ ಅಂಗಡಿಯಲ್ಲಿ ರಿಪೇರಿ ಆಯಿತು. ಅದರಲ್ಲಿ ಅವಳ ಆಟದ ಗುಂಪಿನ ಹೆಸರು ಹಾಗೇ ಉಳಿದಿತ್ತು. ‘ಅಣ್ಣಾರ, ಇದು ಬಸ್ ಅಲ್ರಿ, ಭಾಳ ತಲಿನೋವಿನ ಕೆಲಸ ಅದ’ ಅಂತ ಕರೀಂ ಬೇಡ ಬೇಡ ಅಂದ. ನಾನೇ ಹಟ ಹಿಡಿದು ಬೇರೆ ಹೆಸರಿನಿಂದ ಆ ಗುಂಪಿಗೆ ಸೇರಿದೆ. ಹೆಸರು ಏನು ಇಡಲಿ ಅಂದಾಗ ಬಾಯಿಗೆ ಬಂದದ್ದು ‘ಬೈಪಾಸ್’.

ಅಲ್ಲಿ ಅವಳು ಮಾತಾಡುತ್ತಾಳೆ, ಶೀತಲ್. ಒಂದೊಂದು ತಾಸು ಮಾತಾಡುತ್ತಾಳೆ, ನಗುತ್ತಾಳೆ, ಬೇರೆ ಹುಡುಗರನ್ನು ಗದರುತ್ತಾಳೆ. ನನ್ನ ಮೈಕ್ ಕೆಟ್ಟಿದೆ ಅಂತ ಸುಳ್ಳು ಹೇಳಿ ನಾನು ಬರೀ ಟೈಪ್ ಮಾಡುತ್ತೇನೆ. ಮಗಳಿಗೆ ಮೋಸ ಮಾಡಿದೆ ಅನ್ನು, ಹೌದು, ಮಾಡಿದೆ. ಡ್ಯೂಟಿ ಮುಗಿಸಿ ಬಂದು, ಅನ್ನಕ್ಕೆ ಇಡುವುದನ್ನೂ ಬಿಟ್ಟು, ಅವಳ ದನಿ ಕೇಳುತ್ತ ಕೂಡುತ್ತೇನೆ.

ನನ್ನಂಥ ದಡ್ಡ ಆ ಗುಂಪಿನಲ್ಲಿ ಮತ್ತೊಬ್ಬನಿಲ್ಲ. ಉಳಿದವರು ಇವನನ್ನು ತೆಗೆದುಹಾಕೋಣ ಅಂದರು. ಪೂನಂ ಬಿಡಲಿಲ್ಲ. ‘ಬೈಪಾಸ್ ಅಣ್ಣಾ, ಹೆದರಬ್ಯಾಡ್ರಿ. ಸ್ಪೀಡ್ ಬಿಟ್ಟರ ಇದು ನಿಂದ್ರಂಗಿಲ್ಲ. ಮೊದಲ ಮೂತಿ ತಿರುಗಿಸ್ರಿ, ಆಮ್ಯಾಗ ಇಂಜಿನ್ ಹಚ್ಚರಿ’ ಅಂತ ಒಂದೇ ಮಾತನ್ನು ಇಪ್ಪತ್ತು ಸಲ ಹೇಳಿದಳು. ಒಮ್ಮೆಯೂ ದನಿ ಏರಿಸಲಿಲ್ಲ. ಎಲ್ಲಿಂದ ಬಂತು ಅವಳಿಗೆ ಈ ತಾಳ್ಮೆ? ನನ್ನಿಂದಂತೂ ಅಲ್ಲ.

ಹೋದ ತಿಂಗಳು ಅಂತೂ ಸ್ಟೇಷನ್ನಿನಲ್ಲಿ ಹಡಗು ಇಳಿಸಿದೆ. ನಡುವೆ ಹಾಲಿನವನು ಬಾಗಿಲು ಬಡಿದ. ಏಳಲು ಆಗಲಿಲ್ಲ. ಎದ್ದರೆ ಮೂರು ತಾಸಿನ ದಾರಿ ಹಾಳು, ಆಟ ನಮಗಾಗಿ ನಿಲ್ಲುವುದಿಲ್ಲ. ಎಂಟು ತಿಂಗಳ ಹಿಂದೆ ಅವತ್ತು ನಾನು ಮೂರು ಸಲ ನೀರು ಕೇಳಿದಾಗ ಪೂನಂ ‘ಅಪ್ಪಾ, ಒಂದ್ ನಿಮಿಷ, ಇಳಸಾಕತ್ತೀನಿ’ ಅಂದಿದ್ದಳು. ನಾನು ಅದನ್ನು ಸೊಕ್ಕು ಅಂದುಕೊಂಡೆ. ನೀನು ಗಿರಣಿಗೆ ಹೋಗಿದ್ದೆ. ನನ್ನ ಕೈಯಲ್ಲಿ ಊಟದ ಸ್ಟೀಲ್ ಡಬ್ಬಿ ಇತ್ತು. ಲ್ಯಾಪ್‌ಟಾಪಿನ ಮೇಲೆ ಎತ್ತಿ ಹೆದರಿಸಬೇಕು ಅಂದುಕೊಂಡೆ, ಕೈ ಜಾರಿ ಅವಳ ಎಡಗೈ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಎಲ್ಲರ ಮುಂದೆ ಇದನ್ನೇ ಹೇಳಿದ್ದೇನೆ, ಪೂನಂ ಸಹ ಇದನ್ನೇ ಹೇಳಿದಳು. ಆದರೂ ನೀನು ನಂಬಲಿಲ್ಲ. ಹೆತ್ತ ಮಗಳೇ ಹೇಳಿದ ಮೇಲೂ ಗಂಟು ಕಟ್ಟಿಕೊಂಡು ತವರಿಗೆ ಹೋದೆ. ಅದು ನನಗೆ ಈಗಲೂ ಉರಿಯುತ್ತದೆ.

ಇನ್ನೊಂದು ಉರಿ ಇದೆ. ನಿನ್ನೆ ನಾನು ಇಷ್ಟೆಲ್ಲ ಕೀ ಒಮ್ಮೆಗೇ ಒತ್ತಲು ನನ್ನ ದಪ್ಪ ಬೆರಳು ಬಗ್ಗುವುದಿಲ್ಲ, ಸಾಕಾಯಿತು, ಆಟ ಬಿಡುತ್ತೇನೆ ಅಂತ ಟೈಪ್ ಮಾಡಿದೆ. ಅವಳು ನಕ್ಕು ಹೇಳಿದಳು: ‘ಅಣ್ಣಾ, ನಂದೂ ಎಡಗೈದು ಎರಡು ಬೆರಳು ಮಡಚಂಗಿಲ್ಲ. ಅದಕ್ಕ ನಾ ಎಲ್ಲಾ ಕೀ ಬ್ಯಾರೆ ಕಡೆ ಇಟ್ಕೊಂಡೀನಿ. ನನ್ನ ಸೆಟ್ಟಿಂಗ್ ಕಳಸ್ತೀನಿ, ನಿಮಗೂ ಸರಳ ಆಗ್ತದ.’

ಪ್ಲಾಸ್ಟರ್ ಬಿಚ್ಚಿದರು, ಎಲ್ಲ ಸರಿ ಆಯಿತು ಅಂತ ನಿಮ್ಮ ಅಣ್ಣನ ಕೈಯಲ್ಲಿ ಹೇಳಿ ಕಳಿಸಿದ್ದೆಯಲ್ಲ! ಬೆರಳು ಮಡಚುವುದಿಲ್ಲ ಅನ್ನುವುದನ್ನು ನಾನು ಒಬ್ಬ ಅಪರಿಚಿತನ ಹಾಗೆ ಕೂತು ಕೇಳಬೇಕಾಯಿತೇ? ಅಪ್ಪನಿಗೆ ಇಷ್ಟೂ ಹಕ್ಕಿಲ್ಲವೇ? ಅದೇನಾಯಿತು ಬೆರಳಿಗೆ ಅಂತ ಟೈಪ್ ಮಾಡಿದೆ. ‘ಬಾಗಲದಾಗ ಸಿಕ್ಕಿತ್ರಿ’ ಅಂದಳು. ಗುರುತಿಲ್ಲದವನ ಮುಂದೆಯೂ ಅಪ್ಪನ ಹೆಸರು ತರಲಿಲ್ಲ.

ಅವಳು ಕಳಿಸಿದ ಸೆಟ್ಟಿಂಗ್ ಹಾಕಿಕೊಂಡು ನೋಡಿದೆ. ಆ ಎರಡು ಬೆರಳಿಗೆ ಒಂದು ಕೆಲಸವನ್ನೂ ಇಟ್ಟಿಲ್ಲ.

ರವಿವಾರ ಹತ್ತು ಗಂಟೆಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಹಿರಿಯರ ಮುಂದೆ ಹೇಳುತ್ತೇನೆ. ನೀನು ಅಡ್ಡ ಮಾತಾಡಬೇಡ.

ನಿನ್ನ ಗಂಡ
ಶ್ರೀಮಂತ

ತಾ.ಕ.: ಕಾಗದ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ರವಿವಾರ ನಾನು ಬರುವುದಿಲ್ಲ. ಪೂನಂ ನಿನ್ನ ಹತ್ತಿರವೇ ಇರಲಿ. ಕೆಳಗಿನದನ್ನು ಬಸವಣಪ್ಪ ಕಾಕಾಗೆ ಓದಿ ಹೇಳು, ಆ ಹುಡುಗಿ ಇನ್ನು ಯಾರ ಮುಂದೆಯೂ ನನಗಾಗಿ ಸುಳ್ಳು ಹೇಳುವುದು ಬೇಡ. ಡಬ್ಬಿ ಕೈ ಜಾರಲಿಲ್ಲ. ನಾನು ಎತ್ತಿದಾಗ ಅವಳು ತಲೆ ಎತ್ತಿ ನೋಡಿದಳು. ‘ಅಪ್ಪಾ, ನನ್ನ ಕೈ ಅದ’ ಅಂದಳು. ಅಂದ ಮೇಲೆ ಹೊಡೆದೆ.