ನನ್ನ ಕೆರೆಗೆ ವಲಸೆ ಬಂದ ನಿನ್ನ ಬೂಷ್ಟು

ಲೂಯಿಸಿಯಾನಾದ ಸಕಲ ಕೊಳೆತ ಕಟ್ಟಿಗೆಗಳ ಒಡತಿಯಾದ ಒಡೀಲ್‌ಗೆ,

ಮಿನ್ನೆಸೋಟಾದಿಂದ ಆರ್ವಿಡ್ ಮಾಡುವ ಹೊಟ್ಟೆಕಿಚ್ಚಿನ ನಮಸ್ಕಾರಗಳು. ನಿನ್ನ ಕ್ಷೇಮ ವಿಚಾರಿಸುವ ಅಗತ್ಯ ನನಗಿಲ್ಲ; ನೀನು ಚೆನ್ನಾಗಿದ್ದೀಯೆಂದು ನನ್ನ ಕೆರೆಯೇ ಹೇಳುತ್ತಿದೆ.

ಹೊಸ ಶಿಲೀಂಧ್ರ ಕಂಡವರು ಅದಕ್ಕೆ ತಮ್ಮ ಹೆಸರನ್ನೇ ಇಟ್ಟುಕೊಂಡರೆ ನಮ್ಮ ಕಸುಬಿನಲ್ಲಿ ನಗೆಪಾಟಲು. ಆದ್ದರಿಂದಲೇ ಓದುವ ಕಾಲದಲ್ಲಿ ನಾವಿಬ್ಬರೂ ಘನವಾದ ಒಪ್ಪಂದವೊಂದನ್ನು ಮಾಡಿಕೊಂಡೆವು. ನಮ್ಮ ಕೆರೆಯ ತಣ್ಣೀರಿನಲ್ಲಿ ಮುಳುಗಿದ್ದ ಬರ್ಚ್ ಮರದ ಕಡ್ಡಿಯ ಮೇಲೆ ನಾನು ಕಂಡ, ಸಾಸಿವೆಗಿಂತ ಸಣ್ಣ ಬೂಷ್ಟಿನ ಕರಿ ಬೊಟ್ಟಿಗೆ ನೀನು ನನ್ನ ಹೆಸರಿಟ್ಟೆ. ನಿನ್ನ ಬೆಚ್ಚಗಿನ ಜೌಗಿನಲ್ಲಿ ಸಿಕ್ಕ ಬೊಟ್ಟಿಗೆ ನಾನು ನಿನ್ನ ಹೆಸರಿಟ್ಟೆ. ನಿಮ್ಮಲ್ಲಿ ಒಂದು ಕಡ್ಡಿಯ ಮೇಲೆ ಹತ್ತಾರು ಬಗೆ ಸಂಸಾರ ಹೂಡಿರುತ್ತವೆ, ನಮ್ಮಲ್ಲಿ ನಾಲ್ಕೈದು ಸಿಕ್ಕರೆ ಹಬ್ಬ. ಆಗಲೂ ಹೊಟ್ಟೆ ಉರಿದಿತ್ತು. ಆದರೂ ನನ್ನ ಹೆಸರಿನದೊಂದು ಇಲ್ಲಿದೆಯಲ್ಲ ಎಂದು ಸುಮ್ಮನಿದ್ದೆ.

ಈ ಸಲವೂ ಕಡ್ಡಿಗಳನ್ನು ತಂದು, ಒದ್ದೆ ಕಾಗದ ಹಾಸಿದ ಡಬ್ಬಿಗಳಲ್ಲಿಟ್ಟು, ಅಡುಗೆಮನೆಯಲ್ಲಿ ವಾರಗಟ್ಟಲೆ ಕಾದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊದಲ ಕಡ್ಡಿಯಲ್ಲಿ ಒಡೀಲ್. ಎರಡನೆಯದರಲ್ಲಿ ಒಡೀಲ್. ಮೂರನೆಯದರಲ್ಲಿ ಸಪರಿವಾರ ಒಡೀಲ್! ಆರ್ವಿಡ್ ಒಂದೂ ಇಲ್ಲ.

"ಅಲ್ಲಯ್ಯಾ, ಬೆಳಗ್ಗಿಂದ ಆ ಹೆಂಗಸಿನ ಹೆಸರೇ ಜಪ ಮಾಡ್ತಿದ್ದೀಯಲ್ಲ, ನಾನೇನು ಕಿವುಡೀನಾ?" ಎಂದಳು ನನ್ನ ಹೆಂಡತಿ ವರ್ನಾ.

"ಅವಳು ನಮ್ಮ ಕೆರೇನೇ ಆಕ್ರಮಿಸ್ಕೊಂಡಿದ್ದಾಳೆ ಕಣೇ."

"ಹಾಗಾದ್ರೆ ಅವಳನ್ನೇ ಕರ್ಕೊಂಡು ಡಬ್ಬಿ ತೊಳಿ. ನನಗೆ ಒಲೆ ಮೇಲೆ ಜಾಗ ಬೇಕು."

ನನಗೆ ತಟ್ಟನೆ ಹೊಳೆದದ್ದು ನಿನ್ನ ಬೂಟು. ಕಳೆದ ಬೇಸಿಗೆ ನೀನು ಬಂದಾಗ ನಮ್ಮ ಕೆರೆಗೆ ಇಳಿದಿದ್ದೆಯಲ್ಲ! ಒಂದು ನೀರಿನಿಂದ ಇನ್ನೊಂದಕ್ಕೆ ಹೋಗುವಾಗ ಬೂಟು ತಿಕ್ಕಿ ತೊಳೆಯಬೇಕೆಂಬುದು ನಮ್ಮ ಕಟ್ಟಳೆ. ನೀನೇ ಅದನ್ನು ಹೊತ್ತು ತಂದಿದ್ದೀಯೆಂದು ಫೋನಿನಲ್ಲಿ ನಿನ್ನ ಮೇಲೆ ಹರಿಹಾಯ್ದೆ. ಎಷ್ಟು ಸಂತೋಷವಾಗಿತ್ತು, ಬಲ್ಲೆಯಾ?

"ಲೋ ಆರ್ವಿಡ್, ನನ್ನ ಬೂಟು ನೀನು ಊಟ ಮಾಡೋ ತಟ್ಟೆಗಿಂತ ಚೊಕ್ಕ. ಬೈಯೋದು ಬಿಟ್ಟು ಕೆರೆಗೆ ಕೈ ಹಾಕಿ ನೋಡು ಮಾರಾಯ," ಎಂದು ನೀನು ನಕ್ಕೆ.

ನಿನ್ನ ಅಪರಾಧವನ್ನು ಸಾಬೀತು ಮಾಡಿಯೇ ಸಿದ್ಧವೆಂದು ದೋಣಿ ಹೊತ್ತು, ದಾರಿಯೇ ಇಲ್ಲದ, ನೀನು ಕನಸಿನಲ್ಲೂ ಕಾಣದ ಕೆರೆಗೆ ಹೋದೆ. ಅಲ್ಲಿನ ಕಡ್ಡಿಗಳಲ್ಲೂ ನೀನೇ. ಮೊಣಕಾಲು ಜುಮ್ಮೆನಿಸಬೇಕಿದ್ದ ನೀರು ಸ್ನಾನಕ್ಕೆ ಕಾಯಿಸಿಟ್ಟಂತಿತ್ತು. ಒಡೀಲ್, ತಪ್ಪು ನಿನ್ನ ಬೂಟಿನದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ನಾಲ್ಕು ದಿನ ಜಗಳವಾಡಿ ರಾಜಿಯಾಗುತ್ತಿದ್ದೆವು. ಬಿಸಿಯೇರಿದ ನೀರಿನೊಡನೆ ಯಾವ ರಾಜಿ?

ಕಳೆದ ಭಾನುವಾರ ವರ್ನಾಳೂ ನಾನೂ ನಮ್ಮ ಕೆರೆಯ ಬಡಗಣ ಮೂಲೆಗೆ ಹೋದೆವು. ಅಲ್ಲಿ ತಳದಿಂದ ಊಟೆಯೊಂದು ಉಕ್ಕುತ್ತದೆ. ನೀರು ಇನ್ನೂ ಕೊರೆಯುತ್ತದೆ. ಅಲ್ಲೊಂದು ಬರ್ಚ್ ಕಡ್ಡಿ. ಭೂತಗನ್ನಡಿ ಹಿಡಿದರೆ ಒಂದೇ ಒಂದು ಕರಿ ಬೊಟ್ಟು. ಹೊರಗಿನಿಂದ ನೋಡಿದರೆ ನಿನ್ನದೂ ನನ್ನದೂ ಒಂದೇ ಥರ. ಯಾರದೆಂದು ತಿಳಿಯಬೇಕಾದರೆ ಅದನ್ನು ಒಡೆದು ಒಳಗಿನ ಬೀಜಾಣು ನೋಡಬೇಕು.

"ಏನಂತೆ? ನೀನೋ, ಅವಳೋ?" ದೋಣಿಯಿಂದ ವರ್ನಾ ಕೂಗಿದಳು.

"ಗೊತ್ತಿಲ್ಲ."

"ಮನೆಗೆ ತಗೊಂಡ್ಹೋಗಿ ನೋಡು ಮತ್ತೆ. ಡಬ್ಬಿಗೆ ಜಾಗ ಕೊಡ್ತೀನಿ, ಹೋಗ್ಲಿ."

ಚೀಲದ ಬಾಯಿ ತೆರೆದೆ. ಆಮೇಲೆ ಕಡ್ಡಿಯನ್ನು ಊಟೆಯ ಬಾಯಿಗೇ ಮರಳಿ ಇಟ್ಟು, ತೇಲಿಹೋಗದಂತೆ ಮೇಲೊಂದು ಕಲ್ಲು ಹೇರಿದೆ. ವರ್ನಾ ದೋಣಿಯನ್ನು ನನ್ನ ಹತ್ತಿರಕ್ಕೆ ತಂದಳು. ಪುರಾವೆ ಎಲ್ಲಿ ಎಂದು ನೀನು ಕೇಳಬೇಡ. ಕೆರೆಯೆಲ್ಲ ನಿನ್ನದಾಗಿದೆ, ಈ ಒಂದು ಅನುಮಾನ ನನಗಿರಲಿ.

ನಿನ್ನ ವಂಶ ಬೆಳೆಯಲಿ, ಸ್ವಲ್ಪ ನಿಧಾನವಾಗಿ ಬೆಳೆಯಲಿ.

ಇಂತಿ,
ಇನ್ನೂ ಇದ್ದೇನೆಂದುಕೊಂಡಿರುವ
ಆರ್ವಿಡ್