ಮೂಲೆ ಮುರಿದ ಅಚ್ಚು

ಗ್ಯಾಲಪ್, ಮಂಗಳವಾರ

ತಂಗಿ ಡೆಸ್ಬಾ,

ನಿನ್ನ ಕುರಿಗಳೂ ಮೊಣಕಾಲೂ ಹೇಳಿದ ಮಾತು ಕೇಳುತ್ತಿವೆ ಅಂದುಕೊಂಡಿದ್ದೇನೆ.

ಶನಿವಾರ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಆ ಬೆಳ್ಳಿ ಉಂಗುರ ನೋಡಿ ನಿನ್ನ ಮುಖ ಬಿಳಿಚಿಕೊಂಡಿತು. "ಅಣ್ಣಾ, ಅದೇ ಹಸಿರಿಗೆ ತಿರುಗಿದ ನೀಲಿ ಟರ್ಕಾಯ್ಸ್ ಕಲ್ಲು, ಅದೇ ಮೂಲೆ ಮುರಿದ ಅಚ್ಚಿನ ಗುರುತು. ಅಮ್ಮನ ಬೆರಳಲ್ಲೇ ಬಿಟ್ಟು ಮಣ್ಣು ಮಾಡಿದ್ದು ಇಲ್ಲಿಗೆ ಹೇಗೆ ಬಂತು?" ಅಂದೆ. ಯಜಮಾನ ಪಕ್ಕದಲ್ಲೇ ನಿಂತು ಗಿರಾಕಿಗೆ "ಎಂಬತ್ತು ವರ್ಷದ ಹಳೇ ಮಾಲು" ಅನ್ನುತ್ತಿದ್ದ. ಅವನಿಗೆ ನಮ್ಮ ಮಾತು ಅರ್ಥವಾಗುತ್ತೆ. ನಾನು ತಲೆ ತಗ್ಗಿಸಿಕೊಂಡು ಬೆಳ್ಳಿ ಉಜ್ಜುತ್ತಾ ಕೂತೆ.

ಅಮ್ಮನ ಗೋರಿಯನ್ನು ಯಾರೂ ಅಗೆದಿಲ್ಲ, ಡೆಸ್ಬಾ. ಆ ಉಂಗುರವನ್ನು ಹೋದ ತಿಂಗಳು ನಾನೇ ಮಾಡಿದೆ. ಯಜಮಾನ ಹಳೇ ಕಾಲದ ಮಾದರಿ ಕೇಳಿದ. ನನ್ನ ಕೈಗೆ ನೆನಪಿದ್ದದ್ದು ಅಮ್ಮನ ಉಂಗುರವೊಂದೇ. ಅದನ್ನು ಮಾಡಿದ ಅಪ್ಪನ ಅಚ್ಚಿನಲ್ಲೇ ಗುರುತು ಹೊಡೆದು, ಹಳೇದರಂತೆ ಕಾಣಲು ಗಂಧಕದ ನೀರಿನಲ್ಲಿ ಅದ್ದಿ ಕಪ್ಪು ಮಾಡಿ, ಹಸಿರಿಗೆ ತಿರುಗಿದ ಕಲ್ಲೊಂದನ್ನು ಕೂರಿಸಿದೆ.

ಸತ್ತವರ ವಸ್ತು ಕಂಡ ದೋಷ ಕಳೆಯಲು ಶಾಂತಿಗೆ ಹಾಡುವ ಹಿರಿಯರನ್ನು ಕರೆಸುತ್ತೀಯಂತೆ. ನಿನಗೆ ಬೇಡ, ಹಾಡಿಸುವುದಿದ್ದರೆ ನನಗೆ ಹಾಡಿಸು. ಊಟ ಬಿಟ್ಟಿದ್ದೀಯಂತೆ, ನೀನು ಮೊದಲು ಜೋಳದ ಗಂಜಿಯನ್ನಾದರೂ ಕುಡಿ.

ಬೇರೆಯವರಿಗೆ ಹೇಳಬೇಡ. ಅಂಗಡಿ ಹಿಂದೆ ನಾನಿರುವ ಈ ಕೋಣೆ ಯಜಮಾನನದು. ಕಣ್ಣು ಮಂಜಾದ ಕೆಲಸಗಾರನನ್ನು ಇನ್ಯಾರು ಇಟ್ಟುಕೊಳ್ಳುತ್ತಾರೆ? ಅಂಥವೇ ಇನ್ನೂ ಹತ್ತು ಬೇಕಂತೆ ಅವನಿಗೆ.

ಅದಕ್ಕೇ ಅಪ್ಪನ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಇದರ ಜೊತೆ ಕಳಿಸಿದ್ದೇನೆ. ಮುರಿದ ಮೂಲೆ ಮುಟ್ಟಿ ನೋಡು, ನಂಬಿಕೆ ಬರುತ್ತೆ. ಕಳೆದುಹೋಯಿತು ಅಂತ ಅವನಿಗೆ ಹೇಳುತ್ತೇನೆ. ಹಿಟ್ಟಿನ ಡಬ್ಬದಲ್ಲಿ ಬಚ್ಚಿಡು. ನಾನೇ ಬಂದು ಕೇಳಿದರೂ ಕೊಡಬೇಡ.

ನಿನ್ನ ಅಣ್ಣ,
ಹಾಸ್ಕಿ