ಬೊಟ್ಟಿಲ್ಲದ ಕ್ಯಾಲೆಂಡರು

ರಾಣೇಬೆನ್ನೂರು
2187, ಹದಿಮೂರನೆಯ ತಿಂಗಳು, ಒಂಬತ್ತು

ಕಸ್ತೂರೆವ್ವನವರಿಗೆ,

ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಂಡೀತು. ತಪ್ಪಲ್ಲ. ನಿಮ್ಮ ಕಾಲದ ಎಷ್ಟೋ ತಲೆಮಾರುಗಳ ಮೇಲೆ ವರ್ಷವನ್ನು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳಾಗಿ ಕತ್ತರಿಸಿದರು. ಕೊನೆಯ ತಿಂಗಳಿಗೆ ಉಳಿಕೆ ಎಂದು ಹೆಸರು. ನನ್ನ ಕನ್ನಡದಲ್ಲಿ ನಿಮಗೆ ಗೊತ್ತಿಲ್ಲದ ನಾಲ್ಕೈದು ಪದಗಳು ಬರುತ್ತವೆ. ಬಂದಾಗ ಬಂದಾಗ ಹೇಳುತ್ತೇನೆ. ಆ ತೊಂದರೆಗಾಗಿ ಕ್ಷಮೆ ಇರಲಿ. ಕ್ಷಮೆಯ ಮಾತು ಇಲ್ಲಿಗೆ ಮುಗಿಯಿತು.

ನನಗೆ ಐವತ್ತೊಂದು ವರ್ಷ. ಈ ಊರಿನ ಅಳತೆಮನೆಯಲ್ಲಿ ಹಳೆಯ ದಾಖಲೆ ಓದುವ ಕೆಲಸ. ನೀವು ಫಿಟ್ಸ್ ಎನ್ನುತ್ತಿದ್ದ, ನಿಮ್ಮ ಅತ್ತೆ ಮಲರೋಗ ಎನ್ನುತ್ತಿದ್ದ ಕಾಯಿಲೆಗೆ ಯಾರಿಗೆ ಯಾವ ಗುಳಿಗೆ, ಎಷ್ಟು, ದಿನಕ್ಕೆ ಎಷ್ಟು ಸಲ ಎಂದು ಗೊತ್ತುಮಾಡುವ ಜಾಗವೇ ಅಳತೆಮನೆ. ನಿಮ್ಮ ಕಾಲದಲ್ಲಿ ಇದು ಬೀಜದ ಮಾರುಕಟ್ಟೆಯ ಗೋದಾಮಾಗಿತ್ತಂತೆ. ಈಗಲೂ ಬಿಸಿಲೇರಿದರೆ ಗೋಡೆಗಳಿಂದ ಶೇಂಗಾದ ವಾಸನೆ ಬರುತ್ತದೆ. ಕಟ್ಟೆಯ ಮೇಲೆ ಜನ ರೊಟ್ಟಿ ಬಿಚ್ಚಿಕೊಂಡು ಸರದಿಗೆ ಕಾಯುತ್ತಾರೆ. ಒಳಗೆ ಬೆಚ್ಚಗಿನ ಕಪಾಟುಗಳಲ್ಲಿ, ಹಾಲಿಗೆ ಹೆಪ್ಪು ಹಾಕಿಟ್ಟ ಹಾಗೆ, ಸಣ್ಣ ಸಣ್ಣ ಬಟ್ಟಲುಗಳು. ಒಂದೊಂದರಲ್ಲಿ ಒಂದೊಂದು ಕಾಳುಮಿದುಳು. ಅಂದರೆ ರೋಗಿಯ ಎರಡು ಹನಿ ರಕ್ತದಿಂದ ಬೆಳೆಸಿದ, ಎಳ್ಳುಕಾಳಿನಷ್ಟು ಮಿದುಳು. ಅದರ ಮೇಲೆ ಔಷಧಗಳನ್ನು ಒಂದೊಂದಾಗಿ ಬಿಟ್ಟು ನೋಡುತ್ತೇವೆ. ಯಾವುದಕ್ಕೆ ಅದು ಕೆರಳುತ್ತದೆ, ಯಾವುದಕ್ಕೆ ತಣ್ಣಗಾಗುತ್ತದೆ ಎಂಬುದು ಒಂಬತ್ತು ದಿನಗಳಲ್ಲಿ ತಿಳಿಯುತ್ತದೆ. ನಿಮ್ಮ ಮಗಳು ವಿಜಯಲಕ್ಷ್ಮಿಗೆ ಇದು ತಿಳಿಯಲು ಎರಡು ವರ್ಷ ಬೇಕಾಯಿತು. ಮೊದಲ ಗುಳಿಗೆಗೆ ಮೈಯೆಲ್ಲ ದದ್ದು ಎದ್ದಿತು, ಎರಡನೆಯದಕ್ಕೆ ತಟ್ಟೆ ಎಸೆಯುವಷ್ಟು ಸಿಟ್ಟು ಬಂತು, ಮೂರನೆಯದು ಹೊಂದಿತು. ನಿಮ್ಮ ಕಾಲಕ್ಕೆ ಬೇರೆ ಬಟ್ಟಲಿರಲಿಲ್ಲ. ಹುಡುಗಿಯೇ ಬಟ್ಟಲು.

ಗುಳಿಗೆ ಯಾವುದೆಂದು ಕಾಳುಮಿದುಳು ಹೇಳುತ್ತದೆ. ಎಷ್ಟೆಂದು ಹೇಳುವುದಿಲ್ಲ. ಎಳ್ಳುಕಾಳಿಗೆ ಮುಟ್ಟಿಲ್ಲ, ನಿದ್ದೆಗೆಟ್ಟ ದಿನವಿಲ್ಲ, ಪರೀಕ್ಷೆಯಿಲ್ಲ, ಅತ್ತೆಯಿಲ್ಲ. ಪ್ರಮಾಣ ಗೊತ್ತುಮಾಡಲು ನಮಗೆ ಇಂದಿಗೂ ಎರಡೇ ದಾರಿ. ಒಂದು ಹೇಳಿಕೆ, ಯಾವ ದಿನ ಬಂತು, ಎಷ್ಟು ಹೊತ್ತು ಇತ್ತು ಎಂದು ಮನೆಯವರು ಬಂದು ಬರೆಸುವುದು. ಇನ್ನೊಂದು ಮೊದಲಂದಾಜು, ಅದೇ ಸೀಮೆಯ, ಅದೇ ವಯಸ್ಸಿನ, ಅದೇ ಗುಳಿಗೆ ತಿಂದ ಸಾವಿರಾರು ಮಂದಿಯ ಹಳೆಯ ದಾಖಲೆಗಳನ್ನು ಯಂತ್ರ ಓದಿ, ಇವಳಿಗೆ ಇಷ್ಟು ಸಾಕಾದೀತು ಎಂದು ಹೇಳುವುದು. ನಿಮ್ಮ ವಿಜಿ ಆ ಸಾವಿರಾರು ಮಂದಿಯಲ್ಲಿ ಒಬ್ಬಳು. ನಾನು ನಿಮಗೆ ಬರೆಯುತ್ತಿರುವುದು ಅದಕ್ಕೆ. ಹಳೆಯ ದಾಖಲೆಯಲ್ಲಿ ಸುಳ್ಳು ಕಂಡವರು ಅದನ್ನು ಬರೆಸಿದವರಿಗೇ, ಅವರು ಸತ್ತು ಎಷ್ಟು ಕಾಲವಾಗಿದ್ದರೂ, ಒಂದು ಓಲೆ ಬರೆಯಬೇಕು ಎಂಬುದು ನಮ್ಮ ಅಳತೆಮನೆಯ ಕಟ್ಟಳೆ. ಅದಕ್ಕೆ ತಿದ್ದೋಲೆ ಎನ್ನುತ್ತೇವೆ. ಓಲೆಯನ್ನು ಆ ದಾಖಲೆಗೆ ಹೊಲಿಯುತ್ತೇವೆ; ಮುಂದೆ ಯಂತ್ರ ಅದನ್ನೂ ಸೇರಿಸಿ ಓದುತ್ತದೆ. ಸತ್ತವರನ್ನು ಕ್ಷಮಿಸಬೇಕೆಂದು ಕಟ್ಟಳೆಯಲ್ಲಿಲ್ಲ.

ನಮ್ಮ ಪುಸ್ತಕಗಳಲ್ಲಿ ಕನ್ಯಾತಗ್ಗು ಎಂಬ ಮಾತಿದೆ. ನಿಮ್ಮ ಸೀಮೆಯ ಹಳೆಯ ದಾಖಲೆಗಳಲ್ಲಿ ಹದಿನೆಂಟರಿಂದ ಇಪ್ಪತ್ತೈದರ ಹೆಣ್ಣುಮಕ್ಕಳಿಗೆ ಫಿಟ್ಸ್ ಇದ್ದಕ್ಕಿದ್ದಂತೆ ಕಡಿಮೆಯಾಗುತ್ತವೆ. ಇಪ್ಪತ್ತಾರಕ್ಕೆ ಮತ್ತೆ ಏರುತ್ತವೆ. ಗಂಡುಮಕ್ಕಳಿಗೆ ಹೀಗಾಗುವುದಿಲ್ಲ. ಇದರ ಮೇಲೆ ನಮ್ಮ ಪಂಡಿತರು ತಲೆ ಕೆಡಿಸಿಕೊಂಡಿದ್ದಾರೆ. ತುಂಗಭದ್ರೆಯ ನೀರಿನ ಗುಣವೆಂದು ಒಬ್ಬರು, ಜೋಳದ ರೊಟ್ಟಿಯ ಗುಣವೆಂದು ಇನ್ನೊಬ್ಬರು, ಹೆಣ್ಣಿನ ಮೈಯೇ ಆ ವಯಸ್ಸಿನಲ್ಲಿ ತನ್ನನ್ನು ಕಾಯ್ದುಕೊಳ್ಳುತ್ತದೆಂದು ಮತ್ತೊಬ್ಬರು ದಪ್ಪ ದಪ್ಪ ಹೊತ್ತಗೆ ಬರೆದರು. ಯಂತ್ರ ಯಾವ ಹೊತ್ತಗೆಯನ್ನೂ ಓದಲಿಲ್ಲ. ಅದು ಅಂಕಿಗಳನ್ನು ನೋಡಿ, ಈ ಸೀಮೆಯ ಆ ವಯಸ್ಸಿನ ಹುಡುಗಿಯರಿಗೆ ಕಾಲುಭಾಗ ಕಡಿಮೆ ಔಷಧ ಸಾಕು ಎಂದು ತೀರ್ಮಾನಿಸಿತು. ಹಾಗೇ ಕೊಡುತ್ತ ಬಂದಿದ್ದೇವೆ.

ಕಳೆದ ವಾರ ನನಗೆ ಕನ್ಯಾತಗ್ಗಿನ ಮೂಲ ಸಿಕ್ಕಿತು. ಅದು ನಿಮ್ಮ ಪಡಸಾಲೆಯ ಮೊಳೆ.

ನಿಮ್ಮ ಮಗಳ ಫೋನು ನಮ್ಮ ಉಗ್ರಾಣದಲ್ಲಿ ಮೊಹರು ಒಡೆಯದ ಪೆಟ್ಟಿಗೆಯಲ್ಲಿತ್ತು. ಯಂತ್ರ ಓದುವುದು ವೈದ್ಯರ ಕಡತವನ್ನು ಮಾತ್ರ. ಫೋನು ಯಾರಿಗೂ ಬೇಕಾಗಿರಲಿಲ್ಲ. ಗುಳಿಗೆ ತಿಂದ ಮೇಲೆ ಮರೆವು ಜಾಸ್ತಿಯಾಗಿ, ಡಾಕ್ಟರು ಹೇಳಿದ್ದು ನೆನಪಿರಲೆಂದು ವಿಜಿ ಮಾತುಗಳನ್ನು ಅದರಲ್ಲಿ ಹಿಡಿದಿಡುತ್ತಿದ್ದಳು. ಒಂದು ಚಿತ್ರವೂ ಇತ್ತು. ಬೀಜದಂಗಡಿಯವರು ಕೊಟ್ಟ ಗೋಡೆಯ ಕ್ಯಾಲೆಂಡರು. ಫಿಟ್ಸ್ ಬಂದ ತಾರೀಖಿನ ಮೇಲೆಲ್ಲ ನಿಮ್ಮ ಬೆರಳಿನ ಕುಂಕುಮದ ಬೊಟ್ಟು. ಜನವರಿಯಲ್ಲಿ ಐದು, ಫೆಬ್ರವರಿಯಲ್ಲಿ ನಾಲ್ಕು, ಮಾರ್ಚಿನಲ್ಲಿ ಎರಡು, ಏಪ್ರಿಲ್ಲಿನಲ್ಲಿ ಎರಡು. ನೀವು ಒಳ್ಳೆಯ ದಾಖಲೆಗಾರ್ತಿ, ಕಸ್ತೂರೆವ್ವನವರೇ. ಬಂದ ಹೊತ್ತನ್ನೂ ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದೀರಿ. ಪ್ರಮಾಣವನ್ನು ಇನ್ನೊಂದು ಮೆಟ್ಟಿಲು ಏರಿಸಿದ್ದರೆ ಆ ಎರಡು ಬೊಟ್ಟೂ ಅಳಿಯುತ್ತಿದ್ದವು. ಇದನ್ನು ಹೇಳಲು ಯಂತ್ರ ಬೇಕಿಲ್ಲ. ಅಂಥ ಕ್ಯಾಲೆಂಡರನ್ನು ಮೇ ತಿಂಗಳಲ್ಲಿ ಮೊಳೆಯಿಂದ ಇಳಿಸಿ, ಸುತ್ತಿ, ಅಟ್ಟದ ಮೇಲೆ ಹಾಕಿದಿರಿ. ಅದರ ಜಾಗಕ್ಕೆ ಸೊಸೈಟಿಯವರು ಕೊಟ್ಟಿದ್ದ, ಲಕ್ಷ್ಮಿಯ ಚಿತ್ರದ, ಒಂದು ಕಲೆಯಿಲ್ಲದ ಕ್ಯಾಲೆಂಡರು ಬಂತು. ಹುಡುಗಿಯನ್ನು ನೋಡಲು ಹರಿಹರದಿಂದ ಜನ ಬರುವವರಿದ್ದರು.

ಅವತ್ತಿನ ಮಾತು ಫೋನಿನಲ್ಲಿದೆ.

"ಬಂದೋರ ಕಣ್ಣು ಮೊದಲು ಗ್ವಾಡಿಗೇ ಬೀಳತಾವು. ಇದೇನ್ರೀ ಕೆಂಪು ಕೆಂಪು ಅಂದ್ರ ಏನ್ ಹೇಳ್ಲಿ?" ಇದು ನೀವು.

"ಹಾಲಿನಾಕಿ ಬರದಿದ್ ದಿನ ಅನ್ನು."

"ಕುಂಕುಮದಾಗ ಹಾಲಿನ್ ಲೆಕ್ಕ ಯಾರ್ ಬರೀತಾರ, ಹುಚ್ಚಿ?"

"ಅವ್ವಾ, ಡಾಕ್ಟ್ರು ಆ ಕ್ಯಾಲೆಂಡರ್ ನೋಡೇ ಗುಳಿಗಿ ಬರದು ಕೊಡೋದು. ಹೊಸಾ ಕ್ಯಾಲೆಂಡರ್‌ಗೆ ರೋಗ ಇಲ್ಲ. ನನಗೈತಿ."

"ಬಾಯಿ ಮುಚ್ಚು. ಮದುವಿ ಆಗೂಮಟ ಅಷ್ಟ."

"ಹಂಗಾರ ಗುಳಿಗೀನೂ ಲಕ್ಷ್ಮಿಗೇ ನುಂಗಸು."

ನೀವು ನಕ್ಕಿದ್ದೀರಿ. ಆ ನಗು ಸ್ಪಷ್ಟವಾಗಿ ಕೇಳುತ್ತದೆ. ನಾನು ಅದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಟ್ಟಿಲ್ಲ. ಕೆಟ್ಟವಳ ನಗುವಾಗಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಡಾಕ್ಟರ ಬಳಿಗೆ ಹೋದಾಗ ನೀವು ಒಯ್ದದ್ದು ಲಕ್ಷ್ಮಿಯ ಕ್ಯಾಲೆಂಡರನ್ನು. ಹಳೆಯದನ್ನು ಒಯ್ಯಬಹುದಿತ್ತು, ಮೇ ತಿಂಗಳಿಂದ ಅದರಲ್ಲೂ ಏನೂ ಬರೆದಿರಲಿಲ್ಲವೆಂಬುದು ಬೇರೆ ಮಾತು. ಆ ಕೋಣೆಯ ಬಗ್ಗೆಯೂ ನನಗೆ ಸಿಟ್ಟಿದೆ. ಬಾಗಿಲು ತೆರೆದೇ ಇತ್ತು. ಮುಂದಿನ ಸರದಿಯವರು ಆಗಲೇ ಒಳಗೆ ಬಂದು ನಿಂತಿದ್ದರು; ಅವರ ಕೆಮ್ಮು ಕೇಳುತ್ತದೆ. ಭೇಟಿ ಮುಗಿಯಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಇಪ್ಪತ್ತೊಂದು ವರ್ಷದ ಹೆಣ್ಣು ಎದುರಿಗೆ ಕೂತಿದ್ದರೂ ಡಾಕ್ಟರು ಕೇಳಿದ್ದು ನಿಮ್ಮನ್ನು.

"ಹೇಗಿದಾಳಮ್ಮಾ ಮಗಳು?"

"ಆರಾಮ ಅದಾಳ್ರಿ. ನೋಡ್ರಿ ಬೇಕಾರ, ಒಂದೂ ಬೊಟ್ಟಿಲ್ಲ."

"ಭೇಷ್. ನಾಲ್ಕು ತಿಂಗಳು ಕ್ಲೀನು. ಗುಳಿಗೆ ಹೊಂದಿಕೊಂಡಿದೆ. ನಿದ್ದೆ?"

"ಅದೇ ಭಾಳ್ರಿ. ಬೀಗರ ಮುಂದ ಆಕಳಿಸ್ಕೊಂತ ಕುಂತಿದ್ಲು."

"ಹಾಗಾದರೆ ಸಂಜೆಯದನ್ನು ಅರ್ಧ ಮಾಡೋಣ."

ವಿಜಿ ಮನೆಗೆ ಬಂದು, ಹಿತ್ತಲಲ್ಲಿರಬೇಕು, ಕೋಳಿಯ ಸದ್ದು ಕೇಳುತ್ತದೆ, ಫೋನಿಗೆ ತಾರೀಖುಗಳನ್ನು ಹೇಳಿದ್ದಾಳೆ. ಮೇ ಹದಿನೇಳು. ಜೂನ್ ಮೂರು. ಜೂನ್ ಇಪ್ಪತ್ತೆರಡು. ಜುಲೈ ಒಂಬತ್ತು. ಆಗಸ್ಟ್ ಎರಡು. ಆಗಸ್ಟ್ ಮೂವತ್ತು. ಹೇಳಿ, "ಯಾರರ ಕೇಳಿದ್ರ ಇರಲಿ" ಎಂದು ನಿಲ್ಲಿಸಿದ್ದಾಳೆ. ಯಾರೂ ಕೇಳಲಿಲ್ಲ. ನೂರ ಅರವತ್ತು ವರ್ಷ ಕೇಳಲಿಲ್ಲ.

ಡಿಸೆಂಬರಿನಲ್ಲಿ ಮದುವೆ. ಇಪ್ಪತ್ತು ದಿನಗಳ ಮೇಲೆ ಹರಿಹರದ ಒಂದು ಆಸ್ಪತ್ರೆಯ ಚೀಟಿ: ಎಡಗೈ ಮೊಣಕೈವರೆಗೆ ಸುಟ್ಟಿದೆ, ರೊಟ್ಟಿಯ ಹಂಚಿನ ಮೇಲೆ ಬಿದ್ದಿದ್ದಾರೆ. ಕಾರಣ ಎಂಬ ಕಡೆ ಎರಡೇ ಪದ. ಕಾಲು ಜಾರಿ.

ಜೋಳದ ಹಿಟ್ಟು ತಟ್ಟುತ್ತ ಕೂತವಳ ಕಾಲು ಹೇಗೆ ಜಾರುತ್ತದೆ ಎಂದು ಚೀಟಿ ಬರೆದವರು ಕೇಳಲಿಲ್ಲ. ಹೀಗೆ ಫಿಟ್ಸು ಕಡತದಿಂದ ಹೊರಗುಳಿಯಿತು, ಕಡತ ಶುಭ್ರವಾಯಿತು, ಅರ್ಧ ಗುಳಿಗೆ ಸರಿ ಎಂದು ಸಾಬೀತಾಯಿತು. ನಿಮ್ಮದೊಂದೇ ಮನೆಯಾಗಿದ್ದರೆ ಯಂತ್ರ ಅದನ್ನು ಕಸವೆಂದು ಬಿಡುತ್ತಿತ್ತು. ಆ ಪೆಟ್ಟಿಗೆಯಲ್ಲಿ ಇನ್ನೂ ಹನ್ನೊಂದು ಫೋನುಗಳಿದ್ದವು, ಕಸ್ತೂರೆವ್ವನವರೇ. ಹನ್ನೊಂದರಲ್ಲಿ ಏಳು ಮನೆಗಳ ಗೋಡೆಯಲ್ಲಿ ನಡುವರ್ಷದಲ್ಲಿ ಕ್ಯಾಲೆಂಡರು ಬದಲಾಗಿದೆ. ನಮ್ಮ ಪಂಡಿತರು ತುಂಗಭದ್ರೆಯ ನೀರನ್ನು ಪರೀಕ್ಷೆಗೆ ಕಳಿಸಿದ್ದರು.

ನನ್ನ ಸಿಟ್ಟನ್ನು ನಿಮಗೆ ವಿವರವಾಗಿ ಬರೆದು ಮುಗಿಸಿ, ಮೊಹರು ಹಾಕಿ, ಮನೆಗೆ ಹೋಗಿ ಊಟ ಮಾಡಬೇಕೆಂದು ಈ ಓಲೆಗೆ ಕೂತಿದ್ದೆ. ಕಾಲು ಜಾರಿ ಎಂಬಲ್ಲಿಗೆ ಬಂದಾಗ ಲೇಖನಿ ನಿಂತಿತು. ಆ ಅಕ್ಷರಗಳನ್ನು ನಾನು ಅದೇ ವಾರ ಬೇರೆ ಕಡೆ ನೋಡಿದ್ದೆ. ಬರೆದವಳು ನಾನೇ.

ನನಗೊಬ್ಬ ಮಗಳಿದ್ದಾಳೆ. ನೇಸರಾ, ಹತ್ತೊಂಬತ್ತು ವರ್ಷ. ಅವಳಿಗೂ ಇದೇ ಕಾಯಿಲೆ. ಹೊಳೆಯ ಮೇಲೆ ಹರಿಹರಕ್ಕೆ ಹಗ್ಗದಲ್ಲಿ ತೇಲಿ ಹೋಗುವ ತೂಗುಬಂಡಿಗಳಿವೆ. ಅವನ್ನು ನಡೆಸಬೇಕೆಂಬುದು ಚಿಕ್ಕಂದಿನಿಂದ ಅವಳ ಹಟ. ಒಂದು ವರ್ಷ ಫಿಟ್ಸ್ ಬಂದಿಲ್ಲವೆಂದು ಅಳತೆಮನೆ ಬರೆದುಕೊಟ್ಟರೆ ಮಾತ್ರ ಪರವಾನಗಿ. ಏಳು ತಿಂಗಳು ಬರಲಿಲ್ಲ. ಎಂಟನೆಯದರಲ್ಲಿ ಒಂದು ಬೆಳಿಗ್ಗೆ ಬಂತು. ತಲೆಬಾಗಿಲಲ್ಲಿ, ನನ್ನ ತೊಡೆಯ ಮೇಲೆ, ಎರಡು ನಿಮಿಷ. ಎಚ್ಚರಾದವಳು ಕೇಳಿದ ಮೊದಲ ಮಾತು, "ಬರಸ್ತೀ ಏನವ್ವಾ?" ನಾನು ಬರೆಸಲಿಲ್ಲ. ಹತ್ತನೆಯ ತಿಂಗಳಲ್ಲಿ ಯಂತ್ರ ನನ್ನ ಶುಭ್ರವಾದ ಹೇಳಿಕೆಯನ್ನೂ ನಿಮ್ಮ ಶುಭ್ರವಾದ ಕ್ಯಾಲೆಂಡರನ್ನೂ ಒಟ್ಟಿಗಿಟ್ಟು ನೋಡಿ, ಅವಳ ಗುಳಿಗೆಯನ್ನು ಇನ್ನೂ ಇಳಿಸಿತು. ಬಂಡಿಯ ಹಿಡಿಕೆ ಹಿಡಿದಾಗ ಗುಳಿಗೆಯಿಂದ ಕೈ ನಡುಗುತ್ತಿದ್ದುದು ನಿಂತಿತೆಂದು ಅವಳು ಕುಣಿದಾಡಿದಳು. ಹನ್ನೊಂದನೆಯ ತಿಂಗಳಲ್ಲಿ ಮತ್ತೆ ಬಂತು. ಅದನ್ನೂ ಬರೆಸಲಿಲ್ಲ. ಈ ತಿಂಗಳ ಎರಡರಂದು ತರಬೇತಿಗೆ ಹೋದವಳು ಬಂಡಿಯ ಉಕ್ಕಿನ ಮೆಟ್ಟಿಲ ಮೇಲೆ ಮುಖವಡಿಯಾಗಿ ಬಿದ್ದಳು. ಮುಂದಿನ ಎರಡು ಹಲ್ಲು ಮುರಿದವು. ಬಂಡಿ ಇನ್ನೂ ನೆಲ ಬಿಟ್ಟಿರಲಿಲ್ಲ. ಒಳಗೆ ಆರು ಜನ ಕೂತಿದ್ದರು. ಅವಘಡದ ಹಾಳೆ ತಂದ ಅಧಿಕಾರಿ ಸಂಭಾವಿತ. ಕಾರಣ ಏನೆಂದು ಬರೆಯಲಿ ಎಂದು ನನ್ನನ್ನೇ ಕೇಳಿದರು. ಹಾಳೆ ಇಸಿದುಕೊಂಡು ನಾನೇ ಬರೆದೆ.

ನಿಮಗಾದರೂ ಒಂದು ನೆಪವಿತ್ತು. ಅಂಥ ಹೆಣ್ಣನ್ನು ಎಲ್ಲರೂ ಒಲ್ಲೆನೆನ್ನುತ್ತಿದ್ದ ಕಾಲ ಅದು. ನಾನು ದಾಖಲೆಗಳನ್ನೇ ಓದಿ ಅನ್ನ ತಿನ್ನುವವಳು. ಬೊಟ್ಟಿಡದ ಒಂದು ದಿನ ಎಲ್ಲಿಯವರೆಗೆ ಹೋಗಿ ಯಾರನ್ನು ಕೆಡವುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲಿಲ್ಲ. ನನಗೆ ನೀವು ಬೇಕಾಗಿದ್ದದ್ದು ಬೈಯಲು. ಈಗ ನೋಡಿದರೆ ನಿಮ್ಮ ಬೆನ್ನ ಹಿಂದೆ ನಿಂತು ಮೊಳೆ ಹಿಡಿದವಳು ನಾನೇ. ಹಾಗೆಂದು ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ಇಬ್ಬರಿಗೆ ಹಂಚಿದರೆ ಕಡಿಮೆಯಾಗುವ ಪದಾರ್ಥವಲ್ಲ ಅದು.

ಈ ತಿಂಗಳ ಇಪ್ಪತ್ತೆಂಟಕ್ಕೆ ನೇಸರಾಳ ಪರವಾನಗಿಯ ವರ್ಷ ತುಂಬುತ್ತದೆ. ಇವತ್ತು ಬೆಳಿಗ್ಗೆ ನಾನು ಹೊರಡುವಾಗ ಅವಳು ಬಾಗಿಲಿಗೆ ಅಡ್ಡ ನಿಂತು, ಮುರಿದ ಹಲ್ಲಿನ ಸಂದಿಯಿಂದ ಗಾಳಿ ಸೋರುತ್ತಿರಲು, "ಬರದೀ ಅಂದ್ರ ನಿನ್ ಕೂಡ ನಾ ಜನ್ಮದಾಗ ಮಾತಾಡಂಗಿಲ್ಲ, ನೋಡವ್ವಾ" ಎಂದಳು. ಅವಳು ಆಡಿದ ಮಾತು ತಪ್ಪುವವಳಲ್ಲ. ನಾನು ಅಂಬಲಿಯ ಪಾತ್ರೆ ಮುಚ್ಚಿಟ್ಟು ಬಂದೆ.

ನಿಮ್ಮಲ್ಲಿ ಒಂದು ಕೋರಿಕೆ. ಅಟ್ಟ ಹತ್ತಿ ಹಳೆಯ ಕ್ಯಾಲೆಂಡರನ್ನು ಇಳಿಸಿ. ಧೂಳು ಕೊಡವಿ. ಲಕ್ಷ್ಮಿಯನ್ನು ದೇವರ ಕೋಣೆಗೆ ಕಳಿಸಿ, ಇದನ್ನು ಅದೇ ಮೊಳೆಗೆ ಹಾಕಿ. ವಿಜಿಯನ್ನು ಕರೆದು ಆ ಆರು ತಾರೀಖುಗಳನ್ನು ಕೇಳಿ. ಅವಳಿಗೆ ಮರೆವಿದೆ, ಆದರೆ ಫೋನಿನಲ್ಲಿದೆ. ಇದೇನ್ರೀ ಕೆಂಪು ಎಂದು ಬಂದವರು ಕೇಳಿದರೆ ಹೇಳಿ. ಎದ್ದು ಹೋದರೆ ಚಪ್ಪಲಿ ತೋರಿಸಿ. ಈ ಓಲೆ ನಿಮ್ಮ ಕೈ ಸೇರದು ಎಂದು ನನಗೆ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ, ಏಕೆಂದರೆ ಇಲ್ಲಿಯ ಮೊಳೆ ಇನ್ನೂ ನನ್ನ ಕೈಯಲ್ಲಿದೆ.

ತಿದ್ದೋಲೆಯಲ್ಲಿ ಬರೆದದ್ದು ದಾಖಲೆಯೇ. ಮೊಹರು ಬಿದ್ದ ಮೇಲೆ ಬರೆದವಳೂ ಅಳಿಸಲಾರಳು. ಆದ್ದರಿಂದ ಇಲ್ಲಿಯೇ ಬರೆಯುತ್ತೇನೆ.

ನೇಸರಾ, ಹತ್ತೊಂಬತ್ತು ವರ್ಷ. ಎಂಟನೆಯ ತಿಂಗಳು ಹತ್ತೊಂಬತ್ತು, ಬೆಳಿಗ್ಗೆ, ಎರಡು ನಿಮಿಷ. ಹನ್ನೊಂದನೆಯ ತಿಂಗಳು ನಾಲ್ಕು, ಸ್ನಾನಕ್ಕೆ ಮುಂಚೆ, ಒಂದೂವರೆ ನಿಮಿಷ. ಉಳಿಕೆ ಎರಡು, ಮಧ್ಯಾಹ್ನ, ತೂಗುಬಂಡಿಯ ಮೆಟ್ಟಿಲ ಮೇಲೆ, ಎಷ್ಟು ಹೊತ್ತೆಂದು ತಿಳಿಯದು.

ಅವಳ ಕಾಲು ಜಾರಿರಲಿಲ್ಲ. ವಿಜಯಲಕ್ಷ್ಮಿಯದೂ.

ದಾಕ್ಷಾಯಿಣಿ
ದಾಖಲೆ ಓದುವವಳು, ಅಳತೆಮನೆ